ಭಾನುವಾರದ ವೇಗ ಪರೀಕ್ಷೆ

ತಿರುಪ್ಪೂರು, ಗುರುವಾರ

ಚಿಕ್ಕಮ್ಮನಿಗೆ ನಮಸ್ಕಾರ.

ಈ ಬನಿಯನ್ ಕಾರ್ಖಾನೆಗೆ ಹೊಸ ಡೇಟಾಬೇಸ್ ಮಾರಿದವನು ಅದರ ವೇಗ ಪರೀಕ್ಷೆ ಮಾಡಿದ್ದು ಯಾವತ್ತು ಗೊತ್ತೇ? ಭಾನುವಾರ, ಹೊಲಿಯುವವರು ಒಬ್ಬರೂ ಇಲ್ಲದಾಗ! ನಿಮ್ಮ ಹಾಲಿನ ಡೈರಿಗೆ ನಡುಮಧ್ಯಾಹ್ನ ಬಂದು, ಸಾಲೇ ಇಲ್ಲವಲ್ಲ ಎಂದು ಬೀಗಿದ ಹಾಗೆ. ಇಲ್ಲಿನ ಹೆಂಗಸರು ಹೊಲಿದು ಮುಗಿಸಿದ ಕಟ್ಟುಗಳ ಚೀಟಿಗಳನ್ನು ಸೆರಗಿನಲ್ಲಿ ಗಂಟು ಹಾಕಿಟ್ಟುಕೊಂಡು, ಸಂಜೆ ಮುನ್ನೂರು ಜನ ಒಟ್ಟಿಗೇ ಕೂಲಿ ಲೆಕ್ಕಕ್ಕೆ ಸ್ಕ್ಯಾನ್ ಮಾಡುತ್ತಾರೆ. ನಿನ್ನೆ ಸರಿಯಾಗಿ ಆಗಲೇ ಡೇಟಾಬೇಸ್ ನಿಂತುಹೋಯಿತು. ಅದು ಸರಿಯಾಗಲೆಂದು ಕಾದು, ಟೌನ್ ಬಸ್ಸು ತಪ್ಪಿ ಎಲ್ಲರೂ ನಡೆದೇ ಮನೆ ಸೇರಿದರು. ಆ ಮಹಾಶಯ ಬೈದದ್ದು ಅವರನ್ನೇ! ಒಂದೊಂದು ಕಟ್ಟು ಮುಗಿದಾಗಲೂ ಎದ್ದು ಹೋಗಿ ಸ್ಕ್ಯಾನ್ ಮಾಡಬೇಕಂತೆ. ಮನೆಯಲ್ಲಿ ಕನ್ನಡ ಆಡುವ ಟೈಲರ್ ಬೆಳ್ಳಿಯಮ್ಮ ನನ್ನನ್ನು ಕೇಳಿದರು: "ಕಟ್ಟು ಕಟ್ಟುಗೂ ಎದ್ದು ಓಡ್ತಾ ಇದ್ರೆ ಮಿಷಿನ್ ವೇಲೆ ಯಾರು ಮಾಡೋದು, ಕಣ್ಣು?" ಇಲ್ಲಿನ ತಮಿಳಿನಲ್ಲಿ ವೇಲೆ ಅಂದರೆ ಕೆಲಸ, ಕಣ್ಣು ಅಂದರೆ ನಮ್ಮ ಚಿನ್ನ, ಕಂದ ಅಂದ ಹಾಗೆ.

ಡೇಟಾಬೇಸ್ ಸರಿಯಿದೆಯೇ ಎಂದು ಪರೀಕ್ಷಿಸಿ ಹೇಳುವುದು ನನ್ನ ಕೆಲಸ; ಒಪ್ಪಿಗೆ ವರದಿಗೆ ನಾನಂತೂ ಸಹಿ ಹಾಕಿಲ್ಲ. ನನ್ನ ಕೆಮ್ಮು ಕಡಿಮೆಯಾಗಿದೆ, ನೀವು ಬಿಪಿ ಮಾತ್ರೆ ತಪ್ಪಿಸಬೇಡಿ. ಇವತ್ತು ಸಂಜೆ ಮತ್ತೆ ಪರೀಕ್ಷೆ ಇಟ್ಟಿದ್ದೇನೆ. ಬೆಳ್ಳಿಯಮ್ಮನ ಚೀಟಿಗಳನ್ನು ಆ ಮಾರಿದವನ ಕೈಗೇ ಕೊಟ್ಟು ಸಾಲಿನ ಕೊನೆಯಲ್ಲಿ ನಿಲ್ಲಿಸುತ್ತೇನೆ. ಬಸ್ಸು ತಪ್ಪಿದರೆ ಅವನೂ ನಡೆಯಲಿ.

ಆತುರದಲ್ಲಿ,
ಸುಚೇತಾ