ಅತ್ತಿಗೆ ಕಟ್ಟಿದ ಕವಡೆ ಪಟ್ಟಿ

ಮಾರ್ಚ್ 7, 2009, ಶನಿವಾರ

ಇದನ್ನು ಬರೆಯದೇ ಬಿಡುವವಳಿದ್ದೆ. ನನ್ನದೇ ಈ ಪುಸ್ತಕದಲ್ಲೂ. ಗುರುವಾರ ನೋಡಿದ್ದು. ಆದರೂ ನಿನ್ನೆ ಶಾಂತಿ ಕಚೇರಿಗೆ ವಾರದ ರಿಪೋರ್ಟ್ ಕಳಿಸಿದೆ — ‘ವಿಶೇಷವೇನಿಲ್ಲ’.

ಹೊಳೆಯ ಮರಳಿನಲ್ಲಿ ತೋಡಿದ ಒರತೆ. ಹೆಂಗಸರ ಸಾಲು. ಅತ್ತಿಗೆ ಚೆಪ್ತುರು ಬಗ್ಗಿ ನೀರು ಮೊಗೆಯುತ್ತಿದ್ದಳು. ಹೊದ್ದ ಬಟ್ಟೆ ಸರಿಯಿತು. ಸೊಂಟದಲ್ಲಿ ಕವಡೆ ಪಟ್ಟಿ. ಬಸಿರಿನಲ್ಲಿ ಕಟ್ಟುವಂಥದ್ದು.

“ಏನೇ, ಈ ವಯಸ್ಸಲ್ಲಿ ಮತ್ತೆ ಬಸಿರಾ? ಸತ್ತ ಗಂಡ ಕನಸಲ್ಲಿ ಬರ್ತಾನೇನು?” ಹಿಂದಿನಿಂದ ಒಬ್ಬ ಮುದುಕಿ.

ಎಲ್ಲರೂ ನಕ್ಕೆವು. ಅತ್ತಿಗೆ ನಗಲಿಲ್ಲ. ಒಬ್ಬೊಬ್ಬರದೇ ನಗೆ ನಿಂತಿತು.

ಪಟ್ಟಿ ಕಟ್ಟಲು ಇನ್ನೊಂದು ಕಾರಣವೂ ಇದೆ. ಮಗ ಆಚೆ ಬುಡಕಟ್ಟಿನವರ ದನ ದೋಚಿ ತರಲು ಹೊರಟರೆ ತಾಯಿ ಕಟ್ಟಿಕೊಳ್ಳುತ್ತಾಳೆ. ಅವನ ಜೀವ ಕಾಯಲು. ಅವನು ಮರಳುವ ತನಕ ಬಿಚ್ಚುವುದಿಲ್ಲ.

ಮಗ ಎಂದರೆ ಲೊಮಾಡಾ. ತೀರಿಕೊಂಡ ಅಣ್ಣನ ಒಬ್ಬನೇ ಮಗ. ಅವನಿಗೆ ಅಕ್ಷರ ಕಲಿಸಿದವಳು ನಾನು.

ಮಾರ್ಚ್ 9, ಸೋಮವಾರ

ಮೇಲಿನ ತರಗತಿಯಲ್ಲಿ ನಾಲ್ವರು ದೊಡ್ಡ ಹುಡುಗರು ಗೈರು. ಕಾರಣ ಯಾರೂ ಹೇಳಲಿಲ್ಲ. ಕೇಳುವ ಧೈರ್ಯ ನನಗೂ ಇರಲಿಲ್ಲ.

ಶಾಂತಿ ಕಚೇರಿಯ ರಿಪೋರ್ಟ್ ಫಾರ್ಮ್ ತೆಗೆದು ನೋಡಿದೆ. ದನದ ದಾಳಿಯ ಸುಳಿವು ಮೊದಲೇ ಸಿಗಲೆಂದು ಏಳು ದೇಶ ಸೇರಿ ಅಡಿಸ್ ಅಬಾಬಾದಲ್ಲಿ ತಯಾರಿಸಿದ್ದು. ಐವತ್ತೆರಡು ಪ್ರಶ್ನೆ. ಸಂತೆ ನಡೆಯಿತೇ? ಹಿರಿಯರು ಯುವಕರಿಗೆ ಆಶೀರ್ವಾದ ಮಾಡಿದರೇ? ಹೆಂಗಸರ ಸೊಂಟದ ಬಗ್ಗೆ ಒಂದೂ ಇಲ್ಲ. ಬರೆದವರು ಗಂಡಸರಿರಬೇಕು.

ಕೇಳಿಲ್ಲವಲ್ಲ, ಹೇಳಲಿಲ್ಲ — ಹೋದ ವಾರ ಹಾಗೆಂದು ತಪ್ಪಿಸಿಕೊಂಡೆ.

ಅಡಿಸ್ ಅಬಾಬಾದ ಟ್ರೈನಿಂಗಿನಲ್ಲಿ ನವೋಯ್ ಮತ್ತು ನಾನು ಒಂದೇ ರೂಮಿನಲ್ಲಿದ್ದೆವು. ಅವಳು ತುರ್ಕಾನಾ, ನಾನು ಪೊಕೋಟ್ — ದನಕ್ಕಾಗಿ ತಲೆಮಾರುಗಳಿಂದ ಹೊಡೆದಾಡುವ ಎರಡು ಬುಡಕಟ್ಟು. ಗುಡ್ಡದ ಆಚೆ ಅವಳು ಇದೇ ಫಾರ್ಮ್ ತುಂಬುತ್ತಾಳೆ. ಆಫ್ರಿಕಾ ಒಂದು ಎಂದು ಯಾರೋ ಭಾಷಣ ಮಾಡಿದರು. ಇಬ್ಬರೂ ಎದ್ದು ನಿಂತು ಚಪ್ಪಾಳೆ ತಟ್ಟಿದೆವು. ಅದು ಸುಲಭವಿತ್ತು.

ಲೊಮಾಡಾ ಹೋಗುವುದು ಅವಳ ಊರಿನ ಕಡೆಗೇ. ಬೇರೆ ಕಡೆ ಈಗ ದನ ಎಲ್ಲಿವೆ?

ಮಾರ್ಚ್ 10, ಮಂಗಳವಾರ

ಶಾಲೆ ಮುಗಿಸಿ ಅತ್ತಿಗೆ ಮನೆಗೆ ಹೋದೆ. ಬೂದಿ ಹಾಕಿದ ಹುಳಿ ಹಾಲು ಕೊಟ್ಟಳು. ಯಾವಾಗ ಎಂದು ಕೇಳಿದೆ. ಅಮಾವಾಸ್ಯೆಗೆ ಎಂದಳು, ಸಂತೆಯ ದಿನ ಹೇಳುವ ಹಾಗೆ.

ಪಟ್ಟಿ ಬಿಚ್ಚಿ ದಾರಿಗೆ ಅಡ್ಡ ಹಾಕು ಎಂದು ಬೇಡಿದೆ. ತಾಯಿ ಹಾಗೆ ಹಾಕಿದರೆ ಮಗ ದಾಟುವಂತಿಲ್ಲ.

“ಹಾಕಬಹುದು. ಉಳಿದವರು ಹೋಗೇ ಹೋಗ್ತಾರೆ. ಇವನನ್ನ ಮಾತ್ರ ನಾಳೆಯಿಂದ ನಮ್ಮ ಜೊತೆ ನೀರಿಗೆ ಕಳಿಸ್ತಾರೆ.”

ಅತ್ತಿಗೆ ನನ್ನ ಚೀಲದ ಕಡೆ ನೋಡಿದಳು.

“ನಿನ್ನ ಕಾಗದದಲ್ಲಿ ಇದನ್ನ ಬರೀತೀಯೇನು, ಟೀಚರ್?”

ಇಷ್ಟು ವರ್ಷ ಹೆಸರು ಹಿಡಿದೇ ಕರೆದವಳು. ಕೈಯಲ್ಲಿದ್ದ ಹಾಲಿನ ಸೋರೆಬುರುಡೆ ಕೆಳಗಿಟ್ಟೆ.

“ಬರೆದ್ರೆ ಸೈನಿಕರು ಬರ್ತಾರೆ. ಅವರು ಯಾರ ಮಗ ಅಂತ ಕೇಳಿ ಹೊಡೀತಾರಾ?”

“ಬರೀದಿದ್ರೆ?”

“ಅಲ್ಲಿ ಯಾವಳೋ ಅಳ್ತಾಳೆ. ನಾನು ಅಳುವಾಗ ಅವರಲ್ಲಿ ಯಾವಳು ಕೇಳಿದಳು?”

ಒಬ್ಬಳು ಕೇಳಿದ್ದಳು. ಆಚೆಯವರ ಗುಂಡಿಗೆ ಅಣ್ಣ ಸತ್ತಾಗ ನವೋಯ್ ಕಾಗದ ಬರೆದಿದ್ದಳು, ಅತ್ತಿಗೆಯ ಹೆಸರಿಗೇ. ನಾನು ಓದಿ ಹೇಳಲಿಲ್ಲ. ಸಿಟ್ಟಾದಾಳು ಎಂದು ಪೆಟ್ಟಿಗೆಯಲ್ಲಿಟ್ಟೆ. ಅತ್ತಿಗೆಗೆ ಓದಲು ಬರುವುದಿಲ್ಲ. ಇಂದೂ ಹೇಳಲಿಲ್ಲ. ಏನು ಕಾಯುತ್ತಿದ್ದೇನೆ ನಾನು — ಶಾಂತಿಯನ್ನೋ, ನನ್ನ ನೆಮ್ಮದಿಯನ್ನೋ?

ಮಾರ್ಚ್ 12, ಗುರುವಾರ, ಮಧ್ಯಾಹ್ನ 2

ನಿನ್ನೆ ಆ ಕಾಗದ ಓದಿ ಹೇಳಿದೆ. ಅತ್ತಿಗೆ ಪೂರ್ತಿ ಕೇಳಿದಳು. ಇನ್ನೊಮ್ಮೆ ಓದಲು ಹೇಳಿದಳು. ಆಮೇಲೆ ಆಡುಗಳ ಕಡೆ ಹೋದಳು. ಪಟ್ಟಿ ಬಿಚ್ಚಲಿಲ್ಲ.

ಅದೇ ದಿನ, ಸಂಜೆ 4

ಫಾರ್ಮಿನಲ್ಲಿ ‘ಇತರ ವಿವರ’ ಎಂಬಲ್ಲಿ ಎರಡು ಗೆರೆ ಜಾಗ. ಪಟ್ಟಿ, ಅಮಾವಾಸ್ಯೆ, ನವೋಯಳ ಊರು. ಮೊದಲು ಆ ಊರಿನವರಿಗೆ ತಿಳಿಸಿ. ಸೈನಿಕರಿಗಿಂತ ಮುಂಚೆ ಎರಡೂ ಕಡೆಯ ಹಿರಿಯರನ್ನು ಕಳಿಸಿ ಎಂದೂ ಬರೆದೆ. ಕೇಳುತ್ತಾರೋ ಇಲ್ಲವೋ. ಹೆಸರು ಬರೆಯದಿದ್ದರೆ ಸೈನಿಕರು ಎಲ್ಲ ಮನೆಗೂ ನುಗ್ಗುತ್ತಾರೆ. ಬರೆದರೆ ಒಂದೇ ಮನೆಗೆ. ಬರೆದೆ. ಲೊಮಾಡಾ. ಅಕ್ಷರಗಳು ನನ್ನವಲ್ಲ ಎನ್ನುವ ಹಾಗೆ ಬಿದ್ದವು.

ಲಕೋಟೆ ಅಂಟಿಸುವ ಮುಂಚೆ ಅವನೇ ಬಾಗಿಲಲ್ಲಿ. ಫಾರ್ಮ್ ಮಗುಚಿಟ್ಟೆ.

“ಅತ್ತೆ, ನಾಳೆ ಲಾರಿಗೆ ಹೋಗ್ತೀರಂತೆ. ಕೊಡಿ, ನಾನೇ ಅಂಚೆಗೆ ಹಾಕ್ತೀನಿ.”

ಬೇಡ, ಪೇಟೆಯಲ್ಲಿ ಬೇರೆ ಕೆಲಸವಿದೆ ಎಂದೆ. ಮೇಜನ್ನೇ ನೋಡುತ್ತಿದ್ದ.

“ಹಾಗಾದ್ರೆ ಒಬ್ಬರೇ ನಡೀಬೇಡಿ. ದಾರಿ ಸರಿಯಿಲ್ಲ.”

ಅಕ್ಕರೆಯಿಂದ ಹೇಳಿದನೋ, ಎಚ್ಚರಿಸಿದನೋ. ದನಿಯಲ್ಲಿ ಹುಡುಕಿದೆ, ಸಿಗಲಿಲ್ಲ. ಲಾರಿ ನಿಲ್ಲುವಲ್ಲಿಗೆ ಎರಡು ಗಂಟೆ ನಡಿಗೆ, ಅರ್ಧ ದಾರಿ ಮುಳ್ಳುಕಾಡು.

ಕಳಿಸುವ ದಿನಾಂಕದ ಜಾಗ ಖಾಲಿ ಬಿಟ್ಟಿದ್ದೆ. ಈಗಲೇ ಶಾಯಿಯಲ್ಲಿ ತುಂಬಿಬಿಟ್ಟರೆ ಬೆಳಿಗ್ಗೆ ಮನಸ್ಸು ಬದಲಿಸಲು ಆಗದು. ತುಂಬಿದೆ.

ಮಾರ್ಚ್ 13, ಶುಕ್ರವಾರ —