ಎಡ ಅಂಚಿನ ಗೆರೆ

12-3-98, ಗುರುವಾರ

ಮತ್ತೆ ಅದೇ ಕನಸು. ಅಂಗಡಿ ಬಾಗಿಲು ಹಾಕಿದೆ. ಕರೆಂಟಿಲ್ಲ. ಆದರೂ ಝೆರಾಕ್ಸ್ ಮಶೀನು ತಾನೇ ಓಡುತ್ತಿದೆ. ಕಾಗದ ಬರುತ್ತಲೇ ಇದೆ, ಷಟರ್ ಸಂದಿಯಿಂದ ರಸ್ತೆಗೆ ಹೋಗುತ್ತಿದೆ. ನಾನು ಎತ್ತಿಕೊಳ್ಳುತ್ತೇನೆ, ಎತ್ತಿದಷ್ಟೂ ಬರುತ್ತದೆ. 

ಇವರಿಗೆ ಹೇಳಿದೆ. ನಕ್ಕರು. “ಕರೆಂಟ್ ಇಲ್ಲದ ಓಡತೈತಿ ಅಂದ್ರ ಭಾರಿ ಮಶೀನ್ ಬಿಡು ಅದು. ನಾಳೆ ಕನಸಿನ್ಯಾಗ ಬಂದ್ರ ಹಿಡಕೊಂಡು ಬಾ. ಕೂಡ್ಲಿಗ್ಯಾಗ ಕರೆಂಟ್ ಕಾದು ಕಾದು ಸಾಕಾಗೈತಿ ನನಗ.”

ನಗುತ್ತಾರೆ. ನನಗೆ ನಗು ಬರುವುದಿಲ್ಲ. ಕನಸಿಗೆ ಕಾರಣ ಗೊತ್ತು — ನಿನ್ನೆ ಹುಲುಗಪ್ಪ ಬಂದಿದ್ದ. ತಾಲ್ಲೂಕು ಆಫೀಸಿನ ಜವಾನ. ಅಲ್ಲಿನ ಮಶೀನು ದೀಪಾವಳಿಗೆ ಕೆಟ್ಟದ್ದು ಇನ್ನೂ ಮೂಲೆಯಲ್ಲಿದೆ. ಕಾಗದ ಎಲ್ಲ ನಮ್ಮಲ್ಲಿಗೇ ಬರುತ್ತದೆ. ಗುಪ್ತ ಕಾಗದವಾದರೆ ಹುಲುಗಪ್ಪ ಅಂಗಿಯೊಳಗೆ ಇಟ್ಟುಕೊಂಡು ತರುತ್ತಾನೆ. ಇವರು ಗಿರಾಕಿಗಳನ್ನು ಹೊರಗೆ ಕಳಿಸಿ ಷಟರ್ ಅರ್ಧ ಇಳಿಸುತ್ತಾರೆ. ಚೀಟಿ ಇಲ್ಲ, ಬಿಲ್ಲಿಲ್ಲ. ಗುಪ್ತಕ್ಕೆ ಬಿಲ್ಲು ಬರೆದರೆ ಅದು ಗುಪ್ತ ಹೇಗಾಯಿತು ಅಂತ ಸಾಹೇಬರು ಅಂದಿದ್ದಾರಂತೆ.

ಕೆಟ್ಟ ಪ್ರತಿಗಳನ್ನು ಇವರು ಮನೆಗೆ ತರುತ್ತಾರೆ. ನಾನು ಹಂಡೆ ಒಲೆಗೆ ಹಾಕುತ್ತೇನೆ. ಉರಿದ ಮೇಲೆ ಬೂದಿ ಕೆದಕಿ ನೋಡುತ್ತೇನೆ. ಎಲ್ಲಾದರೂ ಒಂದು ಅಕ್ಷರ ಉಳಿದಿದ್ದರೆ...

ನಿನ್ನೆಯದನ್ನೂ ಸುಟ್ಟೆ. ಎರಡು ಸಲ ಕೆದಕಿದೆ.

“ಏನಿತ್ರಿ ಅದರಾಗ?” ಅಂದೆ.

“ನನಗೇನ್ ಗೊತ್ತು. ನಾ ಕಾಗದದ ಅಂಚು ನೋಡಾವ. ಸೀದಾ ಬಂದೈತೋ ಸೊಟ್ಟ ಬಂದೈತೋ, ಅಷ್ಟ. ಓದ್ಕೋತ ಕುಂತ್ರ ಅಂಗಡಿ ನಡದಂಗ.”

14-3-98

ದಸ್ತಗಿರಿ ಅಣ್ಣ ಮಶೀನು ನೋಡಲು ಬಂದಿದ್ದ. ಈ ಭಾಗದ ಮಶೀನುಗಳಿಗೆಲ್ಲ ಅವನೇ ರಿಪೇರಿಯವನು. ಶಿವರಾತ್ರಿಯಿಂದ ನಮ್ಮ ಪ್ರತಿಗಳಿಗೆಲ್ಲ ಎಡ ಅಂಚಿನಲ್ಲಿ ಕಪ್ಪು ಗೆರೆ ಬೀಳುತ್ತಿದೆ. ಮೇಲಿಂದ ಕೆಳಗಿನ ತನಕ, ನಡುವೆ ಜೋಳದ ಕಾಳಿನಷ್ಟು ಜಾಗ ಬಿಟ್ಟು ತುಂಡಾಗಿದೆ. ಒಳಗಿನ ಡ್ರಮ್ಮಿಗೆ ಗೀರು ಬಿದ್ದಿದೆಯಂತೆ.

“ನಿಮ್ ಕಾಗದಕ್ಕ ದೃಷ್ಟಿ ಆಗಬಾರದಂತ ಕಾಡಿಗಿ ಹಚ್ಚೈತಿ ಬಿಡ್ರಿ ಅಣ್ಣಾರ” ಅಂದ. “ಊರಾಗ ಬ್ಯಾರೆ ಯಾವ ಮಶೀನ್ ಕಾಗದಕ್ಕೂ ಇಂಥಾದ್ದಿಲ್ಲ. ಡ್ರಮ್ ಬದಲಿ ಮಾಡ್ರಿ.”

“ಪರೀಕ್ಷಿ ಸೀಜನ್ ಮುಗೀಲಿ ಮಾರಾಯಾ.”

ಸುಮಾ ಆ ಗೆರೆಯ ಕಾಗದದಲ್ಲೇ ಲೆಕ್ಕ ಮಾಡುತ್ತಾಳೆ. ಮಾರ್ಜಿನ್ ಹಾಕುವ ಕೆಲಸ ಉಳಿಯಿತು ಅನ್ನುತ್ತಾಳೆ. ನಾಲ್ಕನೇ ಇಯತ್ತೆಯ ಹುಡುಗಿಗೆ ಎಲ್ಲದರಲ್ಲೂ ಲಾಭ ಕಾಣುತ್ತದೆ.

3-4-98, ಬೆಳಿಗ್ಗೆ

 ಪೇಪರಿನ ಮೊದಲ ಪುಟದಲ್ಲಿ ಒಂದು ಕಾಗದದ ಫೋಟೋ. ಮೇಲೆ ‘ಗೌಪ್ಯ’ ಅಂತ ಸೀಲು. ಅಕ್ಷರ ಓದುವ ಮೊದಲೇ ನನಗೆ ಕಂಡದ್ದು ಎಡ ಅಂಚು.

ಗೆರೆ. ನಡುವೆ ತುಂಡು.

ಆಮೇಲೆ ಓದಿದೆ. ನಾನು ಆರನೇ ಇಯತ್ತೆಗೆ ಶಾಲೆ ಬಿಟ್ಟವಳು, ಸರಕಾರದ ಕನ್ನಡ ಬೇಗ ತಲೆಗೆ ಹತ್ತುವುದಿಲ್ಲ. ಎರಡು ಸಲ ಓದಿದೆ. ಕೆಲವು ಹಳ್ಳಿಗಳ ಬೋರಿನ ನೀರು ಕುಡಿಯಲು ಯೋಗ್ಯವಿಲ್ಲ. ಕುಡಿದರೆ ಮಕ್ಕಳ ಎಲುಬಿಗೆ ಕೆಟ್ಟದ್ದು. ಬದಲಿ ನೀರಿನ ವ್ಯವಸ್ಥೆ ಆಗುವ ತನಕ ಜನರಿಗೆ ತಿಳಿಸತಕ್ಕದ್ದಲ್ಲ, ಗಾಬರಿಯಾದಾರು. ಹೀಗೆ. ಊರುಗಳ ಹೆಸರು ಫೋಟೋದಲ್ಲಿ ಕತ್ತರಿಸಿ ಹೋಗಿವೆ.

ಚಪ್ಪಲಿ ಮೆಟ್ಟದೆ ಅಂಗಡಿಗೆ ಓಡಿದೆ. ಇವರು ಪೇಪರ್ ನೋಡಿದರು. ಸ್ಟೂಲಿನ ಮೇಲೆ ಕೂತರು.

“ನಮ್ಮ ಗೆರಿ” ಅಂದರು. ಅಷ್ಟೇ.

4-4-98

ಜೀಪು ಬಂತು. ಬೋರಿನ ಕಡೆ ಹೋಗಬೇಕಾದ ಜೀಪು ಅಂಗಡಿ ಕಡೆ ಬಂತಲ್ಲ ಅಂತ ಎದುರಿನ ಹೋಟೆಲಿನವರು ಮೆಲ್ಲಗೆ ಅಂದರು.

ಇನ್‌ಸ್ಪೆಕ್ಟರ್ ಕೈಯಲ್ಲಿ ಪೇಪರು, ಇನ್ನೊಂದು ಕೈಯಲ್ಲಿ ನಮ್ಮ ಅಂಗಡಿಯದೇ ಒಂದು ಪ್ರತಿ. ಎರಡನ್ನೂ ಪಕ್ಕದಲ್ಲಿ ಹಿಡಿದರು. “ನೋಡು. ಇದು ನಿನ್ನ ಮಶೀನಿಂದು ಹೌದಲ್ಲೋ?”

“ಹೌದ್ರಿ ಸರ. ಆಫೀಸಿನವ್ರೇ ಕಳಿಸಿದ್ರು.”

“ಆಫೀಸಿನ್ಯಾಗ ಬರದು ಕೊಟ್ಟಾರ, ಈ ಕಾಗದ ಆಫೀಸು ದಾಟೇ ಇಲ್ಲಂತ. ಎಲ್ಲಾ ಪ್ರತಿ ಅಲ್ಲೇ ತಗದಾರಂತ. ಅಂದಮ್ಯಾಲ ನಿನ್ನ ಮಶೀನಿಗೆ ಹೆಂಗ ಬಂತು? ಕದ್ದು ಬಂತು.”

“ಹುಲುಗಪ್ಪನ್ನ ಕೇಳ್ರಿ ಸರ. ಇಲ್ಲೇ ಅದಾನ.”

ಹುಲುಗಪ್ಪ ಜೀಪಿನ ಪಕ್ಕದಲ್ಲೇ ನಿಂತಿದ್ದ. ನೆಲ ನೋಡಿದ. “ನಾ ಏನೂ ತಂದಿಲ್ರಿ” ಅಂದ. ನಮ್ಮ ಮನೆಯ ಚಹಾ ಅವನು ಎಷ್ಟು ಕುಡಿದಿದ್ದಾನೋ.

ಮಶೀನಿನ ಕುತ್ತಿಗೆಗೆ ಚೀಟಿ ಕಟ್ಟಿ ಟ್ರಾಕ್ಟರಿಗೆ ಏರಿಸಿದರು. ಮುದ್ದೆಮಾಲಂತೆ. ಕೇಸು ಮುಗಿಯುವ ತನಕ ಪೊಲೀಸರ ವಶ. ಇವರನ್ನು ಜೀಪಿಗೆ ಹತ್ತಿಸುತ್ತಿದ್ದಾಗಲೂ ಇವರ ಕಣ್ಣು ಟ್ರಾಕ್ಟರಿನ ಮೇಲೆ. “ಗಾಜಿನ ಮ್ಯಾಲ ಕೈ ಊರಬ್ಯಾಡ್ರಿ, ಒಡಿತೈತಿ” ಅಂದರು ಆ ಪೊಲೀಸರಿಗೆ.

ಸರಕಾರಿ ರಹಸ್ಯ ಕಾಯ್ದೆ ಅಂತ ಹೇಳಿದರು. ನನಗೆ ಅರ್ಥವಾಗಿಲ್ಲ. ಜನ ಕುಡಿಯುವ ನೀರು ಜನರಿಗೇ ರಹಸ್ಯ ಹೇಗಾಯಿತು...

5-4-98

ಹಂಡೆ ಒಲೆಯ ಬೂದಿ ಎಲ್ಲ ಹೊರಗೆ ತೆಗೆದು ಜರಡಿ ಹಿಡಿದೆ. ಏನಿಲ್ಲ. ಆದರೆ ಅವತ್ತು ಅಂಗಡಿಯಿಂದ ಬರುವಾಗ ಚೀಲದಿಂದ ಒಂದು ಜಾರಿ ಬಿದ್ದಿದ್ದರೆ? ಸುಮಾ ಲೆಕ್ಕಕ್ಕೆ ಅಂತ ಒಂದು ಎತ್ತಿಕೊಂಡಿದ್ದರೆ? ಅವಳ ಪಾಟಿಚೀಲ ಸುರಿದು ನೋಡಿದೆ. ಅಳುತ್ತ ನಿಂತಳು. “ನಾ ತಗೊಂಡಿಲ್ಲಬೇ” ಅಂತ.

ಅಥವಾ ಇವರೇ...

9-4-98

ನೋಡಲು ಬಿಟ್ಟರು. ನಡುವೆ ಜಾಳಿಗೆ. ಗಡ್ಡ ಬಂದಿದೆ, ಬೆರಳ ಸಂದಿಯಲ್ಲಿ ಇನ್ನೂ ಮಶೀನಿನ ಕರಿಪುಡಿ. ಏನೇನೋ ಕೇಳಬೇಕು ಅಂತ ಹೋದವಳು ಒಂದೇ ಕೇಳಿದೆ.

“ಖರೇ ಹೇಳ್ರಿ. ಯಾರಿಗರ ಒಂದು ಪ್ರತಿ ಹೆಚ್ಚಿಗಿ ತಗದು ಕೊಟ್ರೇನು?”

ನನ್ನ ಮುಖ ನೋಡಿದರು. 

“ನೀನೂ ಕೇಳಿದ್ಯಾ” ಅಂದರು.

ತಂದ ರೊಟ್ಟಿ ಗಂಟು ಕೊಟ್ಟು ಬಂದೆ.

28-6-98

ಜಾಮೀನು ಸಿಕ್ಕಿತು. ಮನೆಗೆ ಬಂದು ವಾರವಾಯಿತು. ಅಂಗಡಿಗೆ ಸೀಲು ಇದೆ. ಇವರು ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಅಂಗಿ ತೊಟ್ಟು, ಅಲ್ಲಿ ಹೋಗಿ ಕಟ್ಟೆಯ ಮೇಲೆ ಕೂತು ಬರುತ್ತಾರೆ.

ಇವತ್ತು ನಾನೂ ಬುತ್ತಿ ಕೊಡಲು ಹೋಗಿದ್ದೆ. ಒಬ್ಬ ಮುದುಕಿ ಬಂದಳು, ಸುಂಕಮ್ಮ ಅಂತೆ, ಹಡಗಲಿ ಕಡೆಯ ಹಳ್ಳಿಯವಳು. ಬಗಲಲ್ಲಿ ಮೊಮ್ಮಗಳು. ಹುಡುಗಿಯ ಹಲ್ಲು ತುಕ್ಕು ಹಿಡಿದ ಹಾಗೆ ಕಂದು.

“ಝರಾಕ್ಷಿ ಅಂಗಡೆಪ್ಪ ನೀನೇ ಏನಪ್ಪ? ನೀರಿನ ಕಾಗದ ಮಾಡಿದಾತ?”

“ಹೌದಬೇ.”

“ನಮ್ಮೂರು ಐತೇನು ಅದರಾಗ? ಆಫೀಸಿಗೆ ಹೋದ್ರ ಆ ಕಾಗದದ ಮಾತೇ ಎತ್ತಬ್ಯಾಡ ಅಂತ ಬೈದು ಕಳಿಸಿದ್ರು. ಕೇಸ್ ಆಕತಿ ಅಂತ ನನಗ. ಪೇಪರಿನವ್ರೂ ಹೇಳವಲ್ರು, ಅವ್ರಿಗೂ ನೋಟೀಸ್ ಬಂದೈತಂತ. ನೀನರ ಹೇಳಪ್ಪ. ನಿನ್ನ ಕೈಯಾಗ ಹಾದು ಹೋಗೈತಲ್ಲ.”

ಇವರು ಕಟ್ಟೆಯಿಂದ ಎದ್ದು ನಿಂತರು. 

“ನಾ ಓದಿಲ್ಲಬೇ.”

“ಓದಾಕ ಬರಂಗಿಲ್ಲೇನು?”

“ಬರತೈತಿ.”

ಮುದುಕಿ ಮೊಮ್ಮಗಳನ್ನು ಈ ಬಗಲಿಂದ ಆ ಬಗಲಿಗೆ ಬದಲಿಸಿ ಹೋದಳು.

ರಾತ್ರಿ ಇವರು ಉಣ್ಣಲಿಲ್ಲ. “ಓದಬೇಕಿತ್ತು” ಅಂದರು ಗೋಡೆಗೆ. “ಓದಿದ್ರ ನಾನೇ ಊರೂರಿಗೆ ಹೋಗಿ ಹೇಳತಿದ್ದೆ. ಜೈಲಿಗಂತೂ ಹ್ಯಾಂಗೂ ಹೋದೆ.”

ಆಗ ಗೊತ್ತಾಯಿತು ನನಗೆ. ಇವರು ಯಾರಿಗೂ ಕೊಟ್ಟಿಲ್ಲ. ನಾನು ಹೇಳಬೇಕಿತ್ತು. ಕ್ಷಮಿಸಿ ಅಂತ ಹೇಳುವುದು ನಮ್ಮಲ್ಲಿ ರೂಢಿ ಇಲ್ಲ. ಮಜ್ಜಿಗೆ ತಂದಿಟ್ಟೆ. ಕುಡಿಯಲಿಲ್ಲ.

20-9-99

ಮಳೆ. ಮಶೀನು ಠಾಣೆಯ ಹಿಂದೆ ಬಯಲಲ್ಲೇ ಇದೆ. ಇವರು ಪ್ಲಾಸ್ಟಿಕ್ ಹಾಳೆ ತೆಗೆದುಕೊಂಡು ಹೋದರು. ಮುದ್ದೆಮಾಲು ಮುಟ್ಟಂಗಿಲ್ಲ ಅಂದರಂತೆ. ಹಾಳೆ ಮಡಚಿ ಬಗಲಲ್ಲಿಟ್ಟುಕೊಂಡು, ತಾವು ತೋಯ್ದುಕೊಂಡು ಬಂದರು.

ಇವತ್ತೂ ವಾಯಿದೆ. ಮುಂದಿನ ತಾರೀಖು ಕೊಟ್ಟರು.

7-2-2001

ದಸ್ತಗಿರಿ ಅಣ್ಣ ರಿಪೇರಿಗೆ ಹಡಗಲಿ ಕಡೆ ಹೋಗಿದ್ದನಂತೆ. ಸುಂಕಮ್ಮನ ಊರಿನ ಬೋರಿಗೆ ಕೆಂಪು ಬಣ್ಣ ಬಳಿದಿದ್ದಾರೆ, ಕುಡಿಯಬಾರದು ಅನ್ನುವ ಗುರುತು ಅಂದ. ಒಂದು ದಿನ ಬಂದು ಬಳಿದು ಹೋದರಂತೆ, ಯಾಕೆ ಅಂತ ಯಾರಿಗೂ ಹೇಳಲಿಲ್ಲ. ಹಬ್ಬಕ್ಕೆ ಬಳಿದಿರಬೇಕು ಅಂದುಕೊಂಡು ಜನ ಅದನ್ನೇ ಕುಡಿಯುತ್ತಿದ್ದಾರಂತೆ.

ಇವರು ಸೈಕಲ್ ತೆಗೆದುಕೊಂಡು ಹೋದರು. ಅಷ್ಟು ದೂರ. ಯಾಕೆ ಅಂದರೆ “ಹೇಳಿ ಬರತೀನಿ” ಅಂದರು. ಮರುದಿನ ಸಂಜೆ ಬಂದರು. ಹೇಳಿದರಂತೆ. ಕೆಲವರು ಕೇಳಿದರಂತೆ, ಕೆಲವರು, “ನೀ ಆ ಕಾಗದ ಕದ್ದಾತಲ್ಲೇನು?” ಅಂದರಂತೆ.

ಎದೆ ನೋವು ಅನ್ನುತ್ತಾರೆ. ಗ್ಯಾಸು ಅನ್ನುತ್ತಾರೆ.

23-11-2003

ಇವರು ಹೋದರು.

16-12-2003

ವಕೀಲ ಸೋಮಶೇಖರ್ ಬಂದಿದ್ದರು.

“ಕೇಸ್ ಮುಗೀತ್ರಿ ಅಕ್ಕಾರ. ಆರೋಪಿ ತೀರಿಕೊಂಡ ಮ್ಯಾಲ ಕೇಸ್ ಇರಂಗಿಲ್ಲ.”

“ಹಂಗಾದ್ರ ಅವರು ಕದ್ದಿಲ್ಲಂತ ಬರೀತಾರೇನ್ರಿ?”

“ಕದ್ದಾರಂತನೂ ಬರಿಯಂಗಿಲ್ಲ, ಕದ್ದಿಲ್ಲಂತನೂ ಬರಿಯಂಗಿಲ್ಲ. ಮುಚ್ಚಿ ಇಡತಾರ.”

ಮಶೀನು ಬಿಡಿಸಿಕೊಳ್ಳಬಹುದಂತೆ. ದಸ್ತಗಿರಿ ಅಣ್ಣ ನೋಡಿ ಬಂದ. “ಒಳಗ ಇಲಿ ಮರಿ ಹಾಕ್ಯಾವಕ್ಕ” ಅಂದು ಕಣ್ಣು ಒರೆಸಿಕೊಂಡ. ತರಲಿಲ್ಲ.

2-7-2006

ಎರಡೂವರೆ ವರ್ಷ ಬರೆದಿಲ್ಲ. ಏನು ಬರೆಯುವುದಿತ್ತು.

ಸುಮಾ ಕೊಟ್ಟೂರಿನ ಕಾಲೇಜಿನಿಂದ ರಜೆಗೆ ಬಂದಿದ್ದಾಳೆ. ಮಾಹಿತಿ ಹಕ್ಕು ಅಂತ ಬಂದಿದೆಯಂತೆ. ಸರಕಾರದ ಕಾಗದ ಯಾರು ಬೇಕಾದರೂ ಕೇಳಬಹುದಂತೆ. ಅಪ್ಪನ ಮೇಲೆ ಕೇಸು ಹಾಕಿದ ಆ ನೀರಿನ ಕಾಗದವನ್ನೇ ಕೇಳಿ ಅರ್ಜಿ ಹಾಕಿದ್ದಾಳೆ. ನನಗೆ ಹೇಳದೆ! 

“ಮತ್ತ ಜೀಪ್ ಬಂದ್ರ ಏನ್ ಮಾಡ್ತಿಯಲೇ?”

“ಬರಲಿಬೇ. ಈ ಸಲ ನಾ ಹತ್ತತೀನಿ. ಕಿಟಕಿ ಬಾಜು ಕುಂದ್ರತೀನಿ.”

ಅಪ್ಪನ ಹಾಗೇ. ನಗಾಡುವುದೊಂದು.

ಮೊದಲ ಅರ್ಜಿಗೆ ಗೌಪ್ಯ, ಕೊಡಲು ಬರುವುದಿಲ್ಲ ಅಂತ ಬಂದಿತ್ತಂತೆ. ಮೇಲಿನವರಿಗೆ ಬರೆದಿದ್ದಾಳಂತೆ. ಬಾಗಿಲ ಅಗಳಿ ಮೂರು ಸಲ ನೋಡಿ ಮಲಗಿದೆ.

11-9-2006

ಲಕೋಟೆ ಬಂತು. ಸರಕಾರದ್ದು. ಆ ಕಾಗದ. ಊರುಗಳ ಹೆಸರು ಎಲ್ಲ ಇವೆ. ಸುಂಕಮ್ಮನ ಊರು ಮೊದಲನೆಯದು. ಪ್ರತಿ ಪುಟಕ್ಕೂ ಆಫೀಸಿನ ಸೀಲು, ಕಚೇರಿಯ ಕಡತದಲ್ಲಿರುವ ಪ್ರತಿಯ ನಕಲು ಅಂತ ಸಹಿ.

ಸುಮಾ ಹೆಸರುಗಳನ್ನು ಜೋರಾಗಿ ಓದುತ್ತಿದ್ದಳು. ನಾನು ಕೇಳುತ್ತಿರಲಿಲ್ಲ.

ಎಡ ಅಂಚು. ಮೇಲಿಂದ ಕೆಳಗಿನ ತನಕ ಗೆರೆ. ನಡುವೆ ಜೋಳದ ಕಾಳಿನಷ್ಟು ತುಂಡು. ಎಲ್ಲ ಪುಟಕ್ಕೂ.

ಆಫೀಸು ದಾಟೇ ಇಲ್ಲ ಅಂದಿದ್ದರು. ಹಾಗಾದರೆ ಅವರ ಸ್ವಂತ ಕಡತದ ಕಾಗದಕ್ಕೆ ನಮ್ಮ ಗೆರೆ ಎಲ್ಲಿಂದ ಬಂತು? ಹುಲುಗಪ್ಪ ತಂದಿದ್ದ. ಇವರು ತೆಗೆದುಕೊಟ್ಟರು. ಎಲ್ಲ ಆಫೀಸುಗಳಿಗೂ ಹೋದದ್ದು ಇದೇ ಗೆರೆಯ ಪ್ರತಿ. ಪೇಪರಿನವರಿಗೆ ಯಾವ ಆಫೀಸಿನಿಂದ ಹೋಯಿತೋ ದೇವರಿಗೆ ಗೊತ್ತು. ಇಷ್ಟು ವರ್ಷ ಅದು ಅವರ ಬೀರುವಿನಲ್ಲೇ ಇತ್ತು. ಯಾರಾದರೂ ಒಬ್ಬರು ತೆಗೆದು ಅಂಚು ನೋಡಿದ್ದರೆ ಸಾಕಿತ್ತು.

ದಸ್ತಗಿರಿ ಅಣ್ಣನನ್ನು ಕರೆಸಿದೆ. ಕಾಗದವನ್ನು ಬೆಳಕಿಗೆ ಹಿಡಿದ. ಹಳೇ ಪೇಪರ್ ಪಕ್ಕದಲ್ಲಿಟ್ಟು ನೋಡಿದ.  ಗೆರೆಯ ಮೇಲೆ ಬೆರಳು ಆಡಿಸಿದ, ಸತ್ತವರ ಫೋಟೋ ಮುಟ್ಟುವ ಹಾಗೆ. “ಕಾಡಿಗಿ” ಅಂದ ಕೊನೆಗೆ.

13-9-2006

ಆಫೀಸಿಗೆ ಅರ್ಜಿ ಬರೆದೆವು. ಸುಮಾ ಬರೆದಳು, ಸಹಿ ನನ್ನದು. ನಿಮ್ಮ ಕಡತದ ಪ್ರತಿ, ಅವತ್ತಿನ ಪೇಪರು, ಎರಡನ್ನೂ ಒಂದು ಸಲ ಪಕ್ಕದಲ್ಲಿಟ್ಟು ನೋಡಿ. ನನ್ನ ಗಂಡ ಕದ್ದಿಲ್ಲ ಅಂತ ಒಂದು ಸಾಲು ಬರೆದು ಕೊಡಿ. ಬೇರೇನೂ ಬೇಡ.

21-11-2006

ಉತ್ತರ ಬಂತು. ‘ಸದರಿ ಆರೋಪಿಯು ಮರಣ ಹೊಂದಿ ಪ್ರಕರಣ ಮುಕ್ತಾಯಗೊಂಡಿರುವುದರಿಂದ ಮರುಪರಿಶೀಲನೆಯ ಪ್ರಶ್ನೆಯೇ ಉದ್ಭವಿಸುವುದಿಲ್ಲ.’

ಸುಮಾ ಮೇಲಿನವರಿಗೆ ಬರೆಯುತ್ತೇನೆ ಅನ್ನುತ್ತಿದ್ದಾಳೆ. ಬರೆಯಲಿ.

23-11-2006

ಇವರ ಫೋಟೋಕ್ಕೆ ಹೂ ಏರಿಸಿದೆ. ಮಜ್ಜಿಗೆ ಇಟ್ಟೆ. ಲಕೋಟೆಯಿಂದ ಆ ಕಾಗದ ತೆಗೆದು ಮುಂದೆ ಇಟ್ಟೆ.

ಅವತ್ತು ಜಾಳಿಗೆಯ ಹತ್ತಿರ ನಾನು ಕೇಳಬಾರದಿತ್ತು. ನೀವು ಉತ್ತರ ಕೊಡಲಿಲ್ಲ. ಇದು ಕೊಟ್ಟಿತು.

ನನ್ನ ಕಣ್ಣು ಈಗ ಮೊದಲಿನ ಹಾಗಿಲ್ಲ. ಹಗಲು ನೋಡಿದಾಗ ಅದೇ ಅನ್ನಿಸುತ್ತದೆ, ದೀಪ ಹಚ್ಚಿದ ಮೇಲೆ ಮತ್ತೆ ಅನುಮಾನ. ಆ ಆಫೀಸಿನವರು ನೋಡುವುದಿಲ್ಲವಂತೆ. ನೀವು ನೋಡ್ರಿ. ಏನು ಬರೆದಿದೆ ಅಂತ ಬೇಡ. ಅಂಚು ನೋಡಾವರು ನೀವು, ಎಡಕ್ಕೆ, ನಡುವಿನ ಆ ತುಂಡು... ಇನ್ನೊಂದು ಸಲ ನೋಡ್ರಿ, ನಮ್ಮದೇ ಹೌದಲ್ಲ?