ಕತ್ತರಿಸಿಟ್ಟ ಭಾನುವಾರಗಳು

ಸೆಪ್ಟೆಂಬರ್ ೨೯, ೧೯೫೮. ಸೋಮವಾರ, ಬೆಳಿಗ್ಗೆ ೮

ಮೂರನೆಯ ರೀಲು ಇನ್ನೂ ಒಣಗಿಲ್ಲ. ಕಾಯುತ್ತಾ ಬರೆಯುತ್ತಿದ್ದೇನೆ. ಮೈದಾನದಲ್ಲಿ ಬೇರೆಯವರು ಫಿಲ್ಮು ತೆಗೆದ ನಿನ್ನೆಯ ಅಮೆರಿಕನ್ ಫುಟ್‌ಬಾಲ್ ಪಂದ್ಯವಿಡೀ ಮೊಳೆಗಳ ಮೇಲೆ ಉದ್ದುದ್ದ ತೂಗಾಡುತ್ತಿದೆ. ಮಧ್ಯಾಹ್ನದೊಳಗೆ ಕತ್ತರಿಸಿ, ಜೋಡಿಸಿ, ಕೋಚ್ ಪ್ರೂಯಿಟ್ ಅವರಿಗೆ ಮುಟ್ಟಿಸಬೇಕು. ನಾಳೆ ಆಟಗಾರರನ್ನೆಲ್ಲ ಕತ್ತಲೆ ಕೋಣೆಯಲ್ಲಿ ಕೂರಿಸಿ ತೋರಿಸುತ್ತಾರೆ. ಪ್ರೊಜೆಕ್ಟರ್ ನಡೆಸುವವಳೂ ನಾನೇ. ಹತ್ತು ವರ್ಷದಿಂದ ಸೋಮವಾರ, ಮಂಗಳವಾರ ಅಂದರೆ ಇಷ್ಟೇ.

ಪೈಲಟ್ಸ್ ಗೆದ್ದರು, ೨೧–೧೭. ಈ ಊರಿನ ತಂಡ ವರ್ಷದ ಮೊದಲ ಪಂದ್ಯ ಗೆದ್ದು ಐದು ವರ್ಷವಾಗಿತ್ತು.

ಒಣಗಿದ ಮೊದಲ ರೀಲನ್ನು ದೀಪದ ಗಾಜಿನ ಮೇಜಿಗೆ ಹಾಕಿದೆ. ಅದರಲ್ಲಿ ನನ್ನ ತಮ್ಮ ಸುಲೋ ಉಗುರಿನಷ್ಟಿದ್ದಾನೆ. ಬೆನ್ನ ಮೇಲೆ ನಂಬರು ಐವತ್ತನಾಲ್ಕು. ಅವನು ಸೆಂಟರ್. ಸಾಲಿನ ನಟ್ಟನಡುವೆ ಬಗ್ಗಿ ನಿಂತು ಕಾಲ ಸಂದಿಯಿಂದ ಚೆಂಡನ್ನು ಹಿಂದಿನವನ ಕೈಗೆ ಕೊಡುವವನು. ಕೊಟ್ಟ ಮರುಕ್ಷಣವೇ ಎದುರಿನವರು ಬಂದು ಅವನ ತಲೆಗೆ ಅಪ್ಪಳಿಸುತ್ತಾರೆ. ಪೇಪರಿನಲ್ಲಿ ಮಾತ್ರ ಚೆಂಡು ಹಿಡಿದು ಓಡಿದವನ ಹೆಸರು. ಹನ್ನೊಂದು ವರ್ಷದಿಂದ ಹೀಗೆ.

ರೀಲನ್ನು ಹಿಂದಕ್ಕೆ ತಿರುಗಿಸಿದೆ. ರಾಶಿಬಿದ್ದವರು ಒಬ್ಬೊಬ್ಬರಾಗಿ ಎದ್ದರು, ನೋವು ಕೊಟ್ಟವರು ಹಿಂದೆ ಹಿಂದೆ ಸರಿದು ದೂರ ಹೋದರು. ಒಂದು ಸದ್ದಿಲ್ಲ. ನೀರೊಳಗೆ ನಡೆದಂತೆ.

ಒಣಗಿತು.

ಅಕ್ಟೋಬರ್ ೬, ಸೋಮವಾರ, ೯.೩೦

ಇದೇನು ಅಂತ ಗೊತ್ತಾಗುತ್ತಿಲ್ಲ. ಎಂಟು ಸಲ ನೋಡಿದೆ.

ಪಂದ್ಯದ ಕೊನೆಯ ಭಾಗ. ಸುಲೋ ರಾಶಿಯಡಿಯಿಂದ ಎದ್ದ. ಹೆಲ್ಮೆಟ್ ಸರಿಮಾಡಿಕೊಂಡ. ಎದುರು ತಂಡದವರು ವೃತ್ತವಾಗಿ ನಿಂತು ಮುಂದಿನ ಆಟ ಪಿಸುಗುಟ್ಟುತ್ತಿದ್ದರಲ್ಲ— ನೇರ ಅಲ್ಲಿಗೆ ಹೋದ. ಅವರ ನಡುವೆ ಹನ್ನೆರಡನೆಯವನಾಗಿ ತಲೆ ಬಗ್ಗಿಸಿ ನಿಂತ. ಅವರಲ್ಲೊಬ್ಬ ದೈತ್ಯ ಇವನ ಭುಜ ಹಿಡಿದು ಮೆಲ್ಲಗೆ ತಿರುಗಿಸಿದ, ಬೆನ್ನು ತಟ್ಟಿ ಕಳಿಸಿದ. ಸುಲೋ ತೇಲಿಕೊಂಡು ಈಚೆ ಬಂದ.

ಒಂಬತ್ತು ಸೆಕೆಂಡು. ಎಷ್ಟು ಚೆಂದವಾಗಿತ್ತು ಅಂದರೆ ನನಗೇ ನಾಚಿಕೆಯಾಗುತ್ತದೆ.

ಅದೇ ದಿನ, ೧೧ ಗಂಟೆ

ಸುಲೋ ಬಂದಿದ್ದ. ಸೋಮವಾರ ಅವನಿಗೆ ರಜೆ, ನನ್ನ ಏಲಕ್ಕಿ ಬ್ರೆಡ್ಡು ತಿನ್ನಲು ಬರುತ್ತಾನೆ. ಮೇಜಿನ ಮುಂದೆ ಕೂರಿಸಿ ತೋರಿಸಿದೆ. ಮೊದಲು ನಕ್ಕ.

"ಯಾರವನು ಹುಚ್ಚ?"

"ನಂಬರು ನೋಡು."

ನೋಡಿದ. ಬ್ರೆಡ್ಡು ಕೆಳಗಿಟ್ಟ.

"ನೆನಪಿದೆಯೇನೋ?"

"ಇಲ್ಲ." ನನ್ನ ಕೈಯತ್ತ ನೋಡಿದ. "ಅಕ್ಕಾ, ಕತ್ತರಿ ನಿನ್ ಕೈಲೇ ಇದೆಯಲ್ಲ. ತೆಗೆದುಬಿಡು. ಇದನ್ನ ಪ್ರೂಯಿಟ್ ನೋಡಿದ್ರೆ ನನ್ನ ಆಡಿಸದೆ ಬೆಂಚಲ್ಲಿ ಕೂರಿಸ್ತಾನೆ."

"ಕೂತ್ಕೋ. ಏನಾಗುತ್ತೆ?"

"ಹನ್ನೊಂದು ವರ್ಷ ಸೋತಿದೀನಿ ಕಣೇ. ಈ ವರ್ಷ ಗೆಲ್ತಿದೀವಿ. ಇದೊಂದು ವರ್ಷ ನನಗೆ ಬಿಟ್ಬಿಡು."

ಕತ್ತರಿಸಿದೆ. ಎರಡು ತುದಿ ಅಂಟಿಸಿದೆ. ತುಂಡನ್ನು ಕಾಫಿಪುಡಿಯ ಖಾಲಿ ಡಬ್ಬಿಗೆ ಹಾಕಿಟ್ಟೆ. ಯಾಕೆ ಎಸೆಯಲಿಲ್ಲ, ಗೊತ್ತಿಲ್ಲ.

ಅಕ್ಟೋಬರ್ ೭, ಮಂಗಳವಾರ

ಪ್ರೊಜೆಕ್ಟರ್ ತಿರುಗುವಾಗ ಆ ಜಾಗದಲ್ಲಿ ಆಟ ಚಕ್ಕನೆ ಎಗರಿತು. "ಇಲ್ಲೇನಾಯ್ತು?" ಅಂದರು ಕೋಚ್. "ಕ್ಯಾಮೆರಾದಲ್ಲಿ ರೀಲು ಮುಗಿದಿತ್ತು" ಅಂದೆ. ಎಷ್ಟು ಸಲೀಸಾಗಿ ಬಂತು ನಾಲಿಗೆಗೆ.

ಅಕ್ಟೋಬರ್ ೨೦

ನಾಲ್ಕಕ್ಕೆ ನಾಲ್ಕೂ ಗೆದ್ದರು. ಬಂದರಿನಲ್ಲಿ ಅದಿರು ಇಳಿಸುವವರು ಕ್ರೇನಿಗೆ ಪೈಲಟ್ಸ್ ಬಾವುಟ ಕಟ್ಟಿದ್ದಾರೆ. ಬೇಕರಿಯವಳು ನನ್ನನ್ನು ತಡೆದು "ನಿನ್ನ ತಮ್ಮನಿಗೆ" ಅಂತ ಒಂದು ಕೇಕು ಕೈಗಿಟ್ಟಳು. ಇಡೀ ಊರು ಅರೆನಿದ್ದೆಯಲ್ಲಿ ನಗುತ್ತಿರುವ ಹಾಗಿದೆ. ಎಬ್ಬಿಸಲು ಯಾರಿಗೂ ಮನಸ್ಸಿಲ್ಲ.

ಡಬ್ಬಿಯಲ್ಲಿ ಎರಡನೆಯ ತುಂಡು. ಆಟ ನಿಂತಾಗ ಸುಲೋ ಹುಲ್ಲಿನ ಮೇಲೆ ಕಾಲು ನೀಡಿ ಕೂತುಬಿಟ್ಟಿದ್ದಾನೆ— ಕೆರೆಯಂಚಿಗೆ ಬುತ್ತಿ ತಂದವರ ಹಾಗೆ. ಅಂಗೈಯಿಂದ ಹುಲ್ಲು ಸವರುತ್ತಾನೆ.

ಅಕ್ಟೋಬರ್ ೨೫, ಶನಿವಾರ, ಸಂಜೆ

ಸುಲೋ, ಅವನ ಹೆಂಡತಿ ವಿಯೆನೊ ಇಬ್ಬರೂ ಸೌನಾ ಸ್ನಾನಕ್ಕೆ ಬಂದಿದ್ದರು. ನನ್ನ ಹಿತ್ತಿಲಲ್ಲಿ ಅಪ್ಪ ಕಟ್ಟಿದ ಹಬೆಮನೆ ಇನ್ನೂ ಗಟ್ಟಿಯಿದೆ. ಸ್ನಾನವಾದ ಮೇಲೆ ಮೈಯಿಂದ ಹಬೆ ಏಳುತ್ತಿರುವಾಗಲೇ ಅವನು ಮೆಟ್ಟಿಲ ಮೇಲೆ ಬಂದು ಕೂತ.

"ತಲೆ ನೋಯುತ್ತಾ?" ಅಂದೆ.

"ನೋವೆಲ್ಲ ಹೋದ ವರ್ಷಕ್ಕೇ ಮುಗೀತು. ಈಗ ಯಾರೂ ಹೊಡೆಯೋದಿಲ್ಲ ಅಕ್ಕ. ತೇಲಿಕೊಂಡು ಬಂದು ತಗಲ್ತಾರೆ, ಅಷ್ಟೇ. ಸದ್ದೂ ಇಲ್ಲ. ಚಿಕ್ಕವರಿದ್ದಾಗ ಕೆರೇಲಿ ಮುಳುಗಿ ಕಣ್ ಬಿಡ್ತಿದ್ವಲ್ಲ, ಹಸಿರು ಹಸಿರಾಗಿ... ಹಂಗೆ. ಇಷ್ಟು ಸುಖವಾಗಿ ನಾನು ಯಾವತ್ತೂ ಆಡಿಲ್ಲ."

ವಿಯೆನೊ ಒಳಗಿಂದ ಕೇಳಿಸಿಕೊಳ್ಳುತ್ತಿದ್ದಳು. ಟವೆಲು ಮಡಿಸುತ್ತಿದ್ದ ಕೈ ನಿಂತಿತ್ತು.

ನವೆಂಬರ್ ೩

ಮೂರನೆಯ ತುಂಡು. ನಾಲ್ಕನೆಯದು. ಬರೆಯಲಾರೆ.

ನವೆಂಬರ್ ೧೯, ಬುಧವಾರ

ಎರಡು ವಾರ ಈ ಪುಸ್ತಕ ಮುಟ್ಟಿರಲಿಲ್ಲ. ಒಂದು ಸೋತು ಏಳು ಗೆದ್ದಿದ್ದಾರೆ. ಚಾಂಪಿಯನ್‌ಷಿಪ್ ಅನ್ನುವ ಮಾತನ್ನು ಜನ ಈಗ ಗಟ್ಟಿಯಾಗಿಯೇ ಆಡುತ್ತಿದ್ದಾರೆ.

ಇವತ್ತು ವಿಯೆನೊ ಲ್ಯಾಬಿಗೆ ಬಂದಳು. ಕೋಟೂ ಬಿಚ್ಚಲಿಲ್ಲ.

"ನಿನ್ನೆ ಅಭ್ಯಾಸ ಮುಗಿಸಿ ಅವ್ರು ಮನೆಗೆ ಬರ್ಲಿಲ್ಲ ಅತ್ತಿಗೆ. ಹುಡುಕ್ಕೊಂಡು ಹೋದೆ. ಬಂದರು ಬೀದೀಲಿ ನೀವು ಚಿಕ್ಕವರಿದ್ದಾಗಿನ ಹಳೇ ಮನೆ ಇತ್ತಲ್ಲ, ಅಲ್ಲಿ ನಿಂತಿದ್ರು."

"ಅಲ್ಲೇನಿದೆ ಈಗ? ಕೆಡವಿ ಎಷ್ಟೋ ವರ್ಷ ಆಯ್ತು."

"ಅದನ್ನೇ ಹೇಳ್ದೆ. 'ಬೀಗದ ಕೈ ತೂರ್ತಾ ಇಲ್ಲ ಕಣೆ' ಅಂದ್ರು. ಗಾಳೀಲಿ ಕೈ ತಿರುಗಿಸ್ತಾ ಇದ್ರು." ಅವಳು ಅಳಲಿಲ್ಲ. "ನಿಮಗೇನಾದ್ರೂ ಗೊತ್ತಾ? ಮೈದಾನದಲ್ಲಿ ಏನಾಗ್ತಿದೆ ಅಂತ ನನಗ್ಯಾರೂ ಹೇಳಲ್ಲ. ನೀವು ವಾರಾ ವಾರಾ ಫಿಲ್ಮಲ್ಲಿ ನೋಡ್ತೀರಲ್ಲ."

ಡಬ್ಬಿ ನನ್ನ ಮೊಣಕೈ ಹತ್ತಿರವೇ ಇತ್ತು. "ಗೊತ್ತಿಲ್ಲ" ಅಂದೆ.

ಅವಳು ಹೋದ ಮೇಲೆ ಡಬ್ಬಿ ಸುರುವಿದೆ. ಐದು ತುಂಡು. ದೀಪಕ್ಕೆ ಹಿಡಿದು ನೋಡಿದೆ. ಚೆಂದ ಅನ್ನಿಸಿದ್ದು ಇದೇನಾ?

ನವೆಂಬರ್ ೨೪, ಸೋಮವಾರ

ನಿನ್ನೆಯೂ ಗೆಲುವು. ಆರನೆಯ ತುಂಡನ್ನು ಕತ್ತರಿಸಲಿಲ್ಲ. ಉಳಿದ ಐದನ್ನೂ ಅದರ ಹಿಂದೆ ಅಂಟಿಸಿದೆ. ಒಂದು ನಿಮಿಷವೂ ಆಗಲಿಲ್ಲ ಎಲ್ಲ ಸೇರಿ. ಕೋಚ್‌ಗೆ ತೋರಿಸುತ್ತೇನೆ, ನೀನು ಆಸ್ಪತ್ರೆಗೆ ಹೋಗಬೇಕು ಅಂತ ಸುಲೋ ಬಂದಾಗ ಮೊದಲು ಅವನಿಗೇ ಹೇಳಿದೆ.

"ಇನ್ನು ಮೂರೇ ಪಂದ್ಯ ಅಕ್ಕ." ನನ್ನ ಎರಡೂ ಕೈ ಹಿಡಿದುಕೊಂಡ. ಅವನ ಬೆರಳುಗಳು ಸೊಟ್ಟ, ಎಲ್ಲವೂ ಒಂದಲ್ಲ ಒಂದು ಸಲ ಮುರಿದವು. "ಮೂರು ಭಾನುವಾರ. ಆಮೇಲೆ ನೀನು ಹೇಳಿದ ಆಸ್ಪತ್ರೆಗೆ ಬರ್ತೀನಿ."

"ನಿನ್ನೆ ಏನಾಯ್ತು ಹೇಳು ನೋಡೋಣ."

"ಗೆದ್ವಿ."

"ಯಾರ ಮೇಲೆ?"

ಕಿಟಕಿಯ ಕಡೆ ನೋಡಿದ. ಆಮೇಲೆ ಸಿಟ್ಟು ಬಂತು. ಚಿಕ್ಕಂದಿನಿಂದಲೂ ಹಾಗೆಯೇ, ಉತ್ತರ ಬಾರದಿದ್ದರೆ ಸಿಟ್ಟು. "ನೀನು ನನ್ನ ಅಕ್ಕನೇ ಅಲ್ಲ ಹೋಗು" ಅಂದು ಬಾಗಿಲು ಬಡಿದು ಹೋದ. ಬ್ರೆಡ್ಡು ಮುಟ್ಟಿರಲಿಲ್ಲ.

ಮಧ್ಯಾಹ್ನ ಕೋಚ್ ಕೋಣೆಗೆ ಹೋಗಿ ತೋರಿಸಿದೆ. ಕತ್ತರಿಸಿದವಳು ನಾನೇ ಅಂತಲೂ ಹೇಳಿದೆ. ಪ್ರೂಯಿಟ್ ಸಿಗರೇಟು ಆರಿಸಿದರು.

"ನಾನು ಕುರುಡ ಅಂದ್ಕೊಂಡ್ರಾ ಮಿಸ್ ಸಾರೆಲಾ? ಮೈದಾನದ ಗೆರೆ ಪಕ್ಕದಲ್ಲೇ ನಿಂತಿರ್ತೀನಿ. ಮೊದಲನೇ ಸಲಾನೇ ನೋಡ್ದೆ. ನೀವು ಕತ್ತರಿಸ್ತಿದ್ದೀರಿ ಅನ್ನೋದೂ ಗೊತ್ತಿತ್ತು."

"ಮತ್ತೆ ಯಾಕೆ ಸುಮ್ಮನಿದ್ರಿ?"

"ನೀವು ಯಾಕೆ ಸುಮ್ಮನಿದ್ರೋ ಅದಕ್ಕೇ. ಅವನಿಗಿಂತ ಒಳ್ಳೇ ಸೆಂಟರ್ ನನ್ನ ಹತ್ರ ಇಲ್ಲ. ಫಿಲ್ಮಲ್ಲಿ ಇಲ್ಲ ಅಂದ್ರೆ ಆಗಿಲ್ಲ ಅಂತ. ಇಬ್ಬರಿಗೂ ಅನುಕೂಲ ಆಯ್ತು." ರೀಲನ್ನು ನನ್ನ ಕೈಗೆ ವಾಪಸ್ ಕೊಟ್ಟರು. "ನಾಳೆ ಇದು ಬೇಡ."

ಅವರ ಮೇಲೆ ಸಿಟ್ಟು ಮಾಡಿಕೊಳ್ಳೋಣ ಅಂದರೆ ಅದಕ್ಕೂ ನನಗೆ ಮುಖವಿಲ್ಲ.

ನವೆಂಬರ್ ೨೫, ಮಂಗಳವಾರ

ತೋರಿಸಿದೆ.

ಕತ್ತಲೆಯಲ್ಲಿ ಮೂವತ್ತೈದು ಜನ. ಮೊದಲು ಯಾರೋ ಕಿಸಕ್ಕೆಂದ. ಎರಡನೆಯ ತುಂಡಿಗೆ ನಗು ನಿಂತಿತು. ಸುಲೋ ಎದುರಿನವರ ನಡುವೆ ತಲೆ ಬಗ್ಗಿಸಿದ. ಸುಲೋ ಹುಲ್ಲು ಸವರಿದ. ಎಲ್ಲರೂ ಹೋದ ಮೇಲೂ ಬಗ್ಗಿಯೇ ನಿಂತು, ಯಾರೂ ಇಲ್ಲದ ಕಡೆಗೆ ಚೆಂಡು ಕೊಟ್ಟ. "ನಿಲ್ಸಿ" ಅಂದರು ಕೋಚ್. ನಿಲ್ಲಿಸಲಿಲ್ಲ. ರೀಲು ತಾನೇ ಮುಗಿದು ಪರದೆ ಬೆಳ್ಳಗಾಯಿತು.

ಎದ್ದವನು ಮೇಬ್ರಿ. ಕ್ವಾರ್ಟರ್‌ಬ್ಯಾಕ್. ಆರು ವರ್ಷದಿಂದ ಸುಲೋ ಕೊಟ್ಟ ಚೆಂಡನ್ನೇ ಹಿಡಿದವನು.

"ಕೋಚ್, ಇವನು ಬಗ್ಗಿದ್ರೆ ನಾನು ಹಿಂದೆ ಕೈ ಒಡ್ಡಲ್ಲ."

"ಕೂತ್ಕೋ ಮೇಬ್ರಿ."

"ಬೇರೆ ಯಾರನ್ನಾದ್ರೂ ನಿಲ್ಸಿ, ಆಡ್ತೀನಿ. ಇವನನ್ನ ಕೊಂದು ನನಗೆ ಚಾಂಪಿಯನ್‌ಷಿಪ್ ಬೇಡ."

"ನಾನೂ ಆಡಲ್ಲ" ಅಂದ ಇನ್ನೊಬ್ಬ. ಆಮೇಲೆ ಕುರ್ಚಿಗಳ ಸದ್ದು, ಒಂದರ ಹಿಂದೆ ಒಂದು.

ಸುಲೋ ಮುಂದಿನ ಸಾಲಿನಲ್ಲಿ ಬಿಳಿ ಪರದೆಯನ್ನೇ ನೋಡುತ್ತಿದ್ದ. ನನ್ನ ಪಕ್ಕದಿಂದಲೇ ಹಾದು ಹೋದ. ನೋಡಲಿಲ್ಲ.

ಡಿಸೆಂಬರ್ ೧

ನಿನ್ನೆ ಸೋತರು. ಹೊಸ ಸೆಂಟರ್ ಎರಡು ಸಲ ಚೆಂಡು ಕೈಜಾರಿಸಿದನಂತೆ. ಸುಲೋಗೆ ಮಂಡಿ ನೋವು ಅಂತ ಪೇಪರಿನಲ್ಲಿದೆ. ತಂಡದ ಫಿಲ್ಮಿನ ಕೆಲಸ ಬೇರೆಯವರಿಗೆ ಹೋಯಿತು. ನನಗೀಗ ಮದುವೆಯ ಫೋಟೋಗಳು. ಬೇಕರಿಯವಳು ಕೇಳಿದಳು, "ಮಂಡಿ ಹೇಗಿದೆ? ಅವನಿದ್ದಿದ್ರೆ ಗೆಲ್ತಿದ್ವಿ." ತಲೆಯಾಡಿಸಿದೆ.

ವಿಯೆನೊಗೆ ಎಲ್ಲ ಹೇಳಿದ್ದೇನೆ. "ಗೊತ್ತಿಲ್ಲ ಅಂದ್ರಲ್ಲ ಅತ್ತಿಗೆ" ಅಂದಳು. ಆಸ್ಪತ್ರೆಗೆ ಅವಳೇ ಕರೆದುಕೊಂಡು ಹೋಗಿದ್ದಾಳೆ. ತಲೆಗೆ ಇನ್ನೊಂದು ದೊಡ್ಡ ಪೆಟ್ಟು ಬಿದ್ದಿದ್ದರೆ ಉಳಿಯುತ್ತಿದ್ದನೋ ಇಲ್ಲವೋ ಹೇಳಲಾಗುತ್ತಿರಲಿಲ್ಲ ಅಂದರಂತೆ ಡಾಕ್ಟರು.

ಡಿಸೆಂಬರ್ ೧೪, ಭಾನುವಾರ, ಸಂಜೆ

ಟಿಕೆಟ್ ತೆಗೆದುಕೊಂಡು ಮೈದಾನಕ್ಕೆ ಹೋದೆ. ಹತ್ತು ವರ್ಷದಲ್ಲಿ ಮೊದಲ ಸಲ. ಫಿಲ್ಮಿನ ಕಪ್ಪು-ಬಿಳುಪು ನೋಡಿದ ಕಣ್ಣಿಗೆ ಎಷ್ಟು ಬಣ್ಣ! ಅಂಗಿಗಳ ಆ ನೀಲಿ. ಹುಲ್ಲು ಸತ್ತು ಕಂದಾಗಿತ್ತು. ಮೈಗೆ ಮೈ ಬಡಿದಾಗ ಆ ಸದ್ದು... ಮೇಲಿನ ಸಾಲಿನವರೆಗೂ ಬರುತ್ತದೆ. ಸೌದೆ ಒಡೆದ ಹಾಗೆ. ಪ್ರತಿ ಸಲವೂ ಕಣ್ಣು ಮುಚ್ಚಿದೆ.

ಬೆಂಚಿನ ತುದಿಯಲ್ಲಿ ಸುಲೋ, ದೊಡ್ಡ ಕೋಟು ಹೊದ್ದು. ಹೊಸಬ ಈಚೆ ಬಂದಾಗಲೆಲ್ಲ ಅವನ ಕಿವಿಯಲ್ಲಿ ಏನೋ ಹೇಳುತ್ತಿದ್ದ. ಹಿಮ ಬೀಳತೊಡಗಿತು. ಮೂರು ಪಾಯಿಂಟಿನಲ್ಲಿ ಸೋತೆವು. ಚಾಂಪಿಯನ್‌ಷಿಪ್ ಕೈತಪ್ಪಿತು. ಜನ ಎದ್ದು ಹೋಗಲಿಲ್ಲ. ಹಿಮದಲ್ಲಿ ಕೂತೇ ಇದ್ದರು, ಕನಸು ಬಿಟ್ಟು ಏಳಲಾರದವರಂತೆ.

ಡಿಸೆಂಬರ್ ೨೦, ಶನಿವಾರ, ಮಧ್ಯಾಹ್ನ ೩

ಬಂದಿದ್ದಾರೆ ಇಬ್ಬರೂ, ಸೌನಾಗೆ. ನಾನು ಕರೆದಿರಲಿಲ್ಲ. ಸುಲೋ ಸೌದೆ ಒಟ್ಟಿದ. ವಿಯೆನೊ ಒಲೆ ಹಚ್ಚಲು ಹೋದಳು. ಅಡುಗೆಮನೆಯಲ್ಲಿ ನಾವಿಬ್ಬರೇ.

"ಆ ಹೊಸ ಹುಡುಗ ಒದೆಯೋವನಿಗೆ ಚೆಂಡು ಕೊಡೋದನ್ನ ಇನ್ನೂ ಕಲಿತಿಲ್ಲ" ಅಂದ ಇದ್ದಕ್ಕಿದ್ದ ಹಾಗೆ. "ಹದಿನೈದು ಹೆಜ್ಜೆ ಹಿಂದೆ ನಿಂತಿರ್ತಾನೆ ಅವನು. ಪೂರ್ತಿ ಬಗ್ಗಿ ಕಾಲ ಮಧ್ಯದಿಂದ ನೋಡ್ಬೇಕು. ಲೋಕ ತಲೆಕೆಳಗು ಅಕ್ಕ. ಹುಲ್ಲು ಮೇಲೆ, ಕೆಳಗೆ ಬರೀ ಆಕಾಶ. ಎಲ್ಲರೂ ಹುಲ್ಲಿಂದ ಆಕಾಶದೊಳಕ್ಕೆ ಜೋತುಬಿದ್ದಿರ್ತಾರೆ. ಯಾರ ಫಿಲ್ಮಲ್ಲೂ ಅದು ಬರಲ್ಲ."

ಅಕ್ಕ ಅಂದ. ಅವನು ಗಮನಿಸಲಿಲ್ಲ. ನಾನು ಗಮನಿಸಿದೆ.

"ಹೇಳಿದ್ರೆ ನನಗೇನು ಗೊತ್ತಾಗುತ್ತೆ?" ಅಂದೆ.

ಕಾರಿನಿಂದ ಚೆಂಡು ತರಲು ಹೋದ. ಅಂಗಳದಲ್ಲಿ ಮೊಣಕಾಲ ತನಕ ಹಿಮ. ಕಿಟಕಿಯಿಂದ ಕಾಣುತ್ತಿದ್ದಾನೆ— ಹೆಜ್ಜೆ ಎಣಿಸುತ್ತಾ ಹೋಗುತ್ತಿದ್ದಾನೆ. ಏಳಕ್ಕೆ ನಿಂತ. ತಲೆ ಕೆರೆದುಕೊಂಡ. ವಾಪಸ್ ಬಂದು ಮೊದಲಿಂದ ಶುರು ಮಾಡಿದ. ಹದಿನೈದು. ಹಿಮದಲ್ಲಿ ಹಿಮ್ಮಡಿಯಿಂದ ಗುರುತು ಹಾಕಿದ, ನಾನು ನಿಲ್ಲಬೇಕಾದ ಜಾಗಕ್ಕೆ. ಮೊದಲಿನ ಜಾಗಕ್ಕೆ ಬಂದು ಬಗ್ಗಿದ. ಕಾಲ ನಡುವಿನಿಂದ ಅವನ ಕೆಂಪು ಮುಖ, ತಲೆಕೆಳಗಾಗಿ.

"ಐಲಕ್ಕಾ, ಬರ್ತೀಯೋ ಇಲ್ವೋ? ಕೈ ಮುಂದೆ ಚಾಚಬೇಕು, ಎದೆಗೆ ಬಡಿಸ್ಕೋಬೇಡ!"

ಕೂಗುತ್ತಿದ್ದಾನೆ. ಕೈಗವಸು ಎಲ್ಲಿಟ್ಟೆ—